ಒಣಗಿ ಓಡಿದ ಪವರ್ ಸ್ಟೀರಿಂಗ್: ಪಂಪ್ ಬದಲಿಸುವ ಮೊದಲು ಗಾಳಿ ತೆಗೆಸಿ

ಪ್ರಶ್ನೆ: ನನ್ನದು 2008ರ ಹ್ಯುಂಡೈ ಆಕ್ಸೆಂಟ್, ಪೆಟ್ರೋಲ್ ಗಾಡಿ. ಹೋದ ತಿಂಗಳು ಕನಕಪುರದಿಂದ ಬನಶಂಕರಿಯ ಮನೆಗೆ ವಾಪಸ್ ಬರುವಾಗ ಹಾರೋಹಳ್ಳಿ ಹತ್ತಿರ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಬಾನೆಟ್ ಎತ್ತಿ ನೋಡಿದರೆ ಸ್ಟೀರಿಂಗ್ ಆಯಿಲ್ ಡಬ್ಬಿ ಪೂರ್ತಿ ಖಾಲಿ. ಹೋಸ್ ಪೈಪನ್ನು ಇಲಿ ಕಡಿದಿತ್ತು. ದಾರಿಯ ಅಂಗಡಿಯಲ್ಲಿ ಬ್ರೇಕ್ ಆಯಿಲ್ ಮಾತ್ರ ಇತ್ತು, ಧೈರ್ಯ ಸಾಲದೆ ಹಾಕಲಿಲ್ಲ. ಹಾಗೇ ಸುಮಾರು 30 ಕಿ.ಮೀ. ಓಡಿಸಿಕೊಂಡು ಬಂದೆ. ಮನೆ ಹತ್ತಿರದ ಗ್ಯಾರೇಜಿನಲ್ಲಿ ಹೋಸ್ ಬದಲಿಸಿ, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಆಯಿಲ್, ಎ.ಟಿ.ಎಫ್. ತುಂಬಿದರು. ಈಗ ಸ್ಟೀರಿಂಗ್ ತಿರುಗುತ್ತದೆ, ಆದರೆ ‘ಗೂಂ’ ಅಂತ ಶಬ್ದ. ಡಬ್ಬಿಯಲ್ಲಿ ನೊರೆ. ಪಂಪ್, ರ್ಯಾಕ್ ಎರಡೂ ಹೋಗಿವೆ, ಬದಲಿಸಬೇಕು ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಸ್ನೇಹಿತರು ಫ್ಲಶ್ ಮಾಡಿಸಿದರೆ, ಅಂದರೆ ಹಳೆ ಆಯಿಲ್ ಪೂರ್ತಿ ತೆಗೆದು ಹೊಸ ಆಯಿಲಿನಲ್ಲಿ ಲೈನ್ ತೊಳೆಸಿದರೆ ಸಾಕು ಅನ್ನುತ್ತಾರೆ. ಯಾವುದು ಸರಿ? ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾನೇ ಫ್ಲಶ್ ಮಾಡಬಹುದಾ? ಮುಂದಿನ ಭಾನುವಾರ ನಂಜನಗೂಡಿಗೆ ಮನೆದೇವರ ದರ್ಶನಕ್ಕೆ ಹೋಗಬೇಕಿದೆ, ಇದೇ ಗಾಡಿ ತೆಗೆದುಕೊಂಡು ಹೋಗಬಹುದಾ?

ಉತ್ತರ: ನಮಸ್ಕಾರ ಸರ್. ಮೊದಲು ಒಂದು ಶಭಾಷ್. ಬ್ರೇಕ್ ಆಯಿಲ್ ಹಾಕದೆ ಬಂದಿರಲ್ಲ, ಅಲ್ಲೇ ಅರ್ಧ ಗಾಡಿ ಉಳಿಸಿದಿರಿ. ಎರಡೂ ಆಯಿಲೇ ಅಲ್ವಾ ಅಂತ ಹಾಕಿಕೊಂಡು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬ್ರೇಕ್ ಆಯಿಲ್ ನಿಜಕ್ಕೂ ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಸ್ಟೀರಿಂಗಿನ ರಬ್ಬರ್ ಸೀಲುಗಳು ಅದರಲ್ಲಿ ನೆಂದರೆ ಊದಿಕೊಂಡು ಮೆತ್ತಗಾಗುತ್ತವೆ. ಆಮೇಲೆ ಪಂಪಿನಿಂದ ರ್ಯಾಕ್‌ವರೆಗೆ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಳೆದು ತಿರುಗಿಸುವ ಹಲ್ಲಿನ ಸರಳೇ ರ್ಯಾಕ್) ಪ್ರತಿ ಸೀಲೂ ಸೋರಲು ಶುರು. ಆಗ ಗ್ಯಾರೇಜಿನವರು ಹೇಳಿದ ದೊಡ್ಡ ಬಿಲ್ಲಿಗೆ ನಾನೂ ಹೂಂ ಅನ್ನಬೇಕಾಗಿತ್ತು.

ಈಗ ನಿಮ್ಮ ವಿಷಯ. ಪಂಪ್ ಹೋಗಿರಬಹುದು, ಹೋಗದೆಯೂ ಇರಬಹುದು. ನೀವು ಬರೆದಿರುವುದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನೊರೆ. ನೊರೆ ಇದೆ ಅಂದರೆ ಆಯಿಲಿನೊಳಗೆ ಗಾಳಿ ಇದೆ. ಗಾಳಿ ಇರುವ ತನಕ ಹೊಸ ಪಂಪ್ ಹಾಕಿದರೂ ಅದೇ ‘ಗೂಂ’ ಬರುತ್ತದೆ. ಅಂದಮೇಲೆ ಈಗ ಬರುತ್ತಿರುವ ಶಬ್ದ ಕೇಳಿ ಪಂಪ್ ಹೋಗಿದೆ ಅಂತ ಯಾರೂ ತೀರ್ಪು ಕೊಡುವ ಹಾಗಿಲ್ಲ. ಖಾಲಿಯಾಗಿದ್ದ ಲೈನಿಗೆ ಡಬ್ಬಿ ತುಂಬಿ, ಇಂಜಿನ್ ಸ್ಟಾರ್ಟ್ ಮಾಡಿ, ನಾಲ್ಕು ಸಲ ಸ್ಟೀರಿಂಗ್ ತಿರುಗಿಸಿ ಕೀ ಕೊಟ್ಟಿರುತ್ತಾರೆ. ಗಾಳಿ ತೆಗೆಯುವುದಕ್ಕೆ ಅಷ್ಟು ಸಾಲದು.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಮುಂದಿನದು ಸುಲಭ. ಪಂಪಿನ ಮಧ್ಯೆ ಒಂದು ಗುಂಡನೆಯ ರೋಟರ್ ಇರುತ್ತದೆ. ಅದರ ಸುತ್ತ ಸೀಳುಗಳು. ಪ್ರತಿ ಸೀಳಿನಲ್ಲೂ ಬ್ಲೇಡಿನಂಥ ತೆಳುವಾದ ಉಕ್ಕಿನ ಪಟ್ಟಿ, ಅದಕ್ಕೆ ವೇನ್ ಅನ್ನುತ್ತಾರೆ. ಬೆಲ್ಟ್ ರೋಟರನ್ನು ತಿರುಗಿಸಿದಾಗ ಆ ವೇನ್‌ಗಳು ಹೊರಕ್ಕೆ ಚಿಮ್ಮಿ, ಮೊಟ್ಟೆಯಾಕಾರದ ಒಂದು ಉಂಗುರದ ಒಳಗೋಡೆಗೆ ಒತ್ತಿಕೊಂಡು ಸುತ್ತುತ್ತವೆ. ಆಯಿಲನ್ನು ಎಳೆದು ತಳ್ಳುವುದು ಹೀಗೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಒತ್ತಡ ಸುಮಾರಾಗಿ 60ರಿಂದ 100 ಬಾರ್ ತನಕ ಏರುತ್ತದೆ. ನಿಮ್ಮ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ ಅಷ್ಟೇ, ಲೆಕ್ಕ ಹಾಕಿ. ಇಷ್ಟು ಒತ್ತಡದಲ್ಲಿ ವೇನ್ ತುದಿಗೂ ಗೋಡೆಗೂ ನಡುವೆ ಇರುವುದು ಆಯಿಲಿನ ಒಂದು ತೆಳು ಪದರ. ಅದು ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಬಿಸಿಯಾಗುತ್ತದೆ, ಗೀರು ಬೀಳುತ್ತದೆ. ಉದುರಿದ ಪುಡಿ ಲೈನಿನೊಳಗೆ ಸೇರುತ್ತದೆ.

ನಿಮಗೆ ಸಮಾಧಾನದ ವಿಷಯವೂ ಒಂದಿದೆ. ಆಯಿಲ್ ಇಲ್ಲದ ಪಂಪಿಗೆ ಒತ್ತಡ ಹುಟ್ಟಿಸಲು ಆಗುವುದಿಲ್ಲ. ತುಂಬಿದ ಪಂಪ್ ಲಾಕ್‌ನಲ್ಲಿ, ಅಂದರೆ ಸ್ಟೀರಿಂಗ್ ಕೊನೆ ಮುಟ್ಟಿದಾಗ, ಪಡುವ ಭಾರ ಖಾಲಿ ಪಂಪಿಗೆ ಇರುವುದಿಲ್ಲ. ಗೋಡೆಗೆ ಅಂಟಿದ್ದ ಜಿಡ್ಡು ಸ್ವಲ್ಪ ಹೊತ್ತು ಕಾಪಾಡುತ್ತದೆ. ಕನಕಪುರ ರಸ್ತೆಯಲ್ಲಿ ಬಹುಪಾಲು ನೇರವಾಗಿ, ಹದವಾದ ವೇಗದಲ್ಲಿ ಬಂದಿದ್ದರೆ ಪಂಪ್ ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಇದೇ 30 ಕಿ.ಮೀ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಎರಡು ಗಂಟೆ ಆಗಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ.

ಇನ್ನೊಂದು ಸಲ ಹೀಗಾದರೆ ಗಾಡಿ ಪಕ್ಕಕ್ಕೆ ಹಾಕಿ ಬೆಲ್ಟ್ ನೋಡಿ. ಕೆಲವು ಗಾಡಿಗಳಲ್ಲಿ ಸ್ಟೀರಿಂಗ್ ಪಂಪಿಗೆ ಪ್ರತ್ಯೇಕ ಬೆಲ್ಟ್ ಇರುತ್ತದೆ. ಅದನ್ನು ಬಿಚ್ಚಿಬಿಟ್ಟರೆ ಪಂಪ್ ತಿರುಗುವುದೇ ಇಲ್ಲ. ಸ್ಟೀರಿಂಗ್ ಭಾರವಾಗಿರುತ್ತದೆ, ಆದರೆ ಕೆಲಸ ಮಾಡುತ್ತದೆ, ಯಾಕೆಂದರೆ ಚಕ್ರಕ್ಕೂ ಸ್ಟೀರಿಂಗಿಗೂ ನಡುವೆ ಉಕ್ಕಿನ ಸಂಬಂಧ ಯಾವಾಗಲೂ ಇದ್ದೇ ಇರುತ್ತದೆ. ಅದೇ ಬೆಲ್ಟ್ ವಾಟರ್ ಪಂಪನ್ನೋ ಆಲ್ಟರ್ನೇಟರನ್ನೋ ತಿರುಗಿಸುತ್ತಿದ್ದರೆ ಮಾತ್ರ ಮುಟ್ಟಬೇಡಿ. ಇಂಜಿನ್ ಬಿಸಿಯಾದರೆ ಸ್ಟೀರಿಂಗಿನ ಚಿಂತೆ ಸಣ್ಣದಾಗಿ ಕಾಣುತ್ತದೆ.

ಫ್ಲಶ್‌ಗೆ ಕೈ ಹಾಕುವ ಮೊದಲು ಮೂರು ಕಡೆ ನೋಡಬೇಕು. ಒಂದು, ಹೊಸ ಹೋಸ್. ಅದಕ್ಕೆ ಸರಿಯಾದ ಕ್ಲಿಪ್ ಹಾಕಿದ್ದಾರಾ, ಅಥವಾ ಕಟ್ಟು ತಂತಿಯಲ್ಲಿ ಬಿಗಿದಿದ್ದಾರಾ? ನಗಬೇಡಿ, ತಂತಿ ಬಿಗಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಹೋಸ್ ಕೂಡ ಆಯಿಲ್ ತಡೆಯುವಂಥದ್ದಾಗಿರಬೇಕು. ರೇಡಿಯೇಟರಿನ ನೀರಿನ ಪೈಪಿನ ತುಂಡು ಹಾಕಿದ್ದರೆ ಕೆಲವೇ ತಿಂಗಳಲ್ಲಿ ಅದು ಊದಿಕೊಂಡು ಜಾರುತ್ತದೆ.

ಎರಡನೆಯದು, ಡಬ್ಬಿಯಿಂದ ಪಂಪಿಗೆ ಇಳಿಯುವ ಪೈಪು. ಹೆಚ್ಚಿನವರು ಇದನ್ನೇ ಮರೆಯುವುದು. ಈ ಪೈಪಿನಲ್ಲಿ ಒತ್ತಡ ಇಲ್ಲ, ಪಂಪ್ ಆಯಿಲನ್ನು ಹೀರುವುದು ಇಲ್ಲಿಂದ. ಹಾಗಾಗಿ ಇಲ್ಲಿ ಕ್ಲಿಪ್ ಸಡಿಲವಿದ್ದರೆ, ಓ-ರಿಂಗ್ (ಜಾಯಿಂಟಿನ ರಬ್ಬರ್ ಉಂಗುರ) ಒಣಗಿದ್ದರೆ ಆಯಿಲ್ ಹೊರಗೆ ಸೋರಲೇಬೇಕೆಂದಿಲ್ಲ, ಗಾಳಿ ಒಳಕ್ಕೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಡಬ್ಬಿಯಲ್ಲಿ ಮಾತ್ರ ಎಷ್ಟು ದಿನವಾದರೂ ನೊರೆ. ಪರೀಕ್ಷೆ ಸುಲಭ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ಜಾಯಿಂಟಿನ ಸುತ್ತ ಸ್ವಲ್ಪ ದಪ್ಪ ಗ್ರೀಸ್ ಮೆತ್ತಿ. ಬೆಲ್ಟಿನಿಂದ ಕೈ ದೂರ ಇರಲಿ. ಶಬ್ದ ಬದಲಾದರೆ ಕಳ್ಳ ಅಲ್ಲೇ ಇದ್ದಾನೆ.

ಮೂರು, ಡಬ್ಬಿಯ ತಳ. ಅನೇಕ ಗಾಡಿಗಳ ಡಬ್ಬಿಯೊಳಗೆ ಸಣ್ಣ ಜಾಲರಿ ಇರುತ್ತದೆ, ಟೀ ಸೋಸುವ ಜಾಲರಿಯ ಹಾಗೆ. ವರ್ಷಗಟ್ಟಲೆ ಕೂತ ಕೆಸರು ಅದನ್ನು ಕಟ್ಟಿಹಾಕಿದರೆ ಡಬ್ಬಿ ತುಂಬಿದ್ದರೂ ಪಂಪಿಗೆ ಆಯಿಲ್ ಸಾಲುವುದಿಲ್ಲ. ಆಗಲೂ ಇದೇ ಶಬ್ದ. ಡಬ್ಬಿ ಬಿಚ್ಚಿ ಹೊಸ ಆಯಿಲಿನಲ್ಲೇ ಕುಲುಕಿ ತೊಳೆಯಿರಿ. ಜಾಲರಿ ಬಿಡಿಸಲು ಬರದೆ ಕಪ್ಪಾಗಿಯೇ ಉಳಿದರೆ ಡಬ್ಬಿಯನ್ನೇ ಬದಲಿಸಿ. ಪಂಪಿನ ಬೆಲೆಯ ಮುಂದೆ ಇದು ಏನೇನೂ ಅಲ್ಲ.

ಆಯಿಲ್ ವಿಷಯಕ್ಕೆ ಬರೋಣ. ನಿಮ್ಮ ಆಕ್ಸೆಂಟಿಗೆ ಕಂಪನಿ ಹೇಳಿರುವುದು ಪಿ.ಎಸ್.ಎಫ್.-3 ಅನ್ನುವ ಪವರ್ ಸ್ಟೀರಿಂಗ್ ಆಯಿಲ್. ಗ್ಯಾರೇಜಿನವರು ಹಾಕಿದ ಎ.ಟಿ.ಎಫ್. ವಿಷವೇನಲ್ಲ. ಎಷ್ಟೋ ಗಾಡಿಗಳಿಗೆ ಕಂಪನಿಯೇ ಡೆಕ್ಸ್‌ರಾನ್ ಜಾತಿಯ ಎ.ಟಿ.ಎಫ್. ಹೇಳುತ್ತದೆ. ಹೋಂಡಾದವರು ತಮ್ಮದೇ ಬೇರೆ ಆಯಿಲ್ ಬೇಕು ಅನ್ನುತ್ತಾರೆ, ಕೆಲವು ಯೂರೋಪಿನ ಗಾಡಿಗಳಿಗೆ ಹಸಿರು ಸಿಂಥೆಟಿಕ್ ಆಯಿಲೇ ಆಗಬೇಕು. ಹೇಗೂ ಎಲ್ಲ ಹೊರಗೆ ಹಾಕುತ್ತಿದ್ದೀರಿ, ಈ ಸಲ ಪಿ.ಎಸ್.ಎಫ್.-3 ಅನ್ನೇ ತುಂಬಿ. ಬಣ್ಣ ನೋಡಿ ಆಯಿಲ್ ಕೊಳ್ಳಬೇಡಿ. ಕೆಂಪು ಅನ್ನುವುದು ಬರೀ ಬಣ್ಣ, ಗುಣ ಡಬ್ಬದ ಮೇಲೆ ಬರೆದಿರುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕೇಳುವಾಗ ‘ಸ್ಟೀರಿಂಗ್ ಆಯಿಲ್ ಕೊಡಿ’ ಅನ್ನದೆ ‘ಪಿ.ಎಸ್.ಎಫ್.-3 ಕೊಡಿ’ ಅನ್ನಿ, ಸೀಲ್ ಒಡೆಯದ ಡಬ್ಬ ನೋಡಿ ತೆಗೆದುಕೊಳ್ಳಿ. ಲೈನಿನಲ್ಲಿ ಹಿಡಿಯುವುದು ಒಂದು ಲೀಟರ್ ಆಸುಪಾಸು. ತೊಳೆಯಲು ಸೇರಿ 3 ಲೀಟರ್ ಇಟ್ಟುಕೊಳ್ಳಿ. ಅರ್ಧದಲ್ಲಿ ಆಯಿಲ್ ಮುಗಿದು ಅಂಗಡಿಗೆ ಓಡುವುದಕ್ಕಿಂತ ಅರ್ಧ ಲೀಟರ್ ಉಳಿದರೆ ಒಳ್ಳೆಯದು, ಅದು ಆಮೇಲೆ ಬೇಕಾಗುತ್ತದೆ.

ಕೆಲವರು ಅಗ್ಗ ಅಂತ ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯುತ್ತಾರೆ. ದಯವಿಟ್ಟು ಬೇಡ. ಕೆಸರೇನೋ ಕರಗುತ್ತದೆ, ಆದರೆ ಅವುಗಳಲ್ಲಿ ಜಿಡ್ಡು ಸಾಲದು. ಮೊದಲೇ ಒಣಗಿ ನೊಂದಿರುವ ಪಂಪನ್ನು ಮತ್ತೊಂದು ಸಲ ಒಣಗಿಸಿದ ಹಾಗೆ. ಸೋರಿಕೆ ನಿಲ್ಲಿಸುತ್ತದೆ ಅಂತ ಮಾರುವ ಔಷಧಿ ಬಾಟಲಿಗಳನ್ನೂ ನಾನು ಮುಟ್ಟುವುದಿಲ್ಲ. ಅವು ಸೀಲನ್ನು ಊದಿಸುತ್ತವೆ, ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ ಸೋರುತ್ತದೆ.

ಫ್ಲಶ್ ಮಾಡಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ, ಒಬ್ಬರು ಬಾನೆಟ್ ಹತ್ತಿರ. ಮುಂದಿನ ಎರಡೂ ಚಕ್ರ ನೆಲದಿಂದ ಮೇಲೇಳಬೇಕು. ಗಾಡಿ ನಿಲ್ಲಬೇಕಾದ್ದು ಸ್ಟ್ಯಾಂಡಿನ ಮೇಲೆ, ಸ್ಟೆಪ್ನಿ ಜಾಕಿನ ಮೇಲಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಆಮೇಲೆ ಫ್ಯೂಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು ಒಂದು ಸಲ ಸ್ಟಾರ್ಟ್ ಮಾಡಿ. ಲೈನಿನಲ್ಲಿರುವ ಪೆಟ್ರೋಲ್ ಮುಗಿದು ಇಂಜಿನ್ ತಾನೇ ಆಫ್ ಆಗುತ್ತದೆ. ಇನ್ನು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ನಮಗೆ ಬೇಕಾದ್ದು ಅದೇ.

ಇಂಜಿನ್ ಓಡಿಸಿಯೇ ಯಾಕೆ ಫ್ಲಶ್ ಮಾಡಬಾರದು ಅಂತ ಕೇಳಬಹುದು. ತುಂಬ ಜನ ಮಾಡುತ್ತಾರೆ. ಆದರೆ ಐಡ್ಲಿಂಗ್‌ನಲ್ಲೇ ಆ ಪಂಪ್ ನಿಮಿಷಕ್ಕೆ ಹಲವು ಲೀಟರ್ ತಳ್ಳುತ್ತದೆ. ಡಬ್ಬಿಯಲ್ಲಿರುವುದು ಒಂದು ಲೋಟದಷ್ಟು ಆಯಿಲ್. ನೀವು ಕ್ಯಾನಿನ ಮುಚ್ಚಳ ತಿರುಗಿಸುವಷ್ಟರಲ್ಲಿ ಡಬ್ಬಿ ಖಾಲಿ, ಪಂಪ್ ಮತ್ತೆ ಒಣಗಿತು. ಒಣಗಿದ್ದಕ್ಕೆ ಮಾಡುವ ಚಿಕಿತ್ಸೆಯಲ್ಲೇ ಇನ್ನೊಮ್ಮೆ ಒಣಗಿಸಿದ ಹಾಗಾಗುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ನಿಧಾನವಾಗಿ ಸುತ್ತುತ್ತದೆ, ಆಯಿಲ್ ನಮ್ಮ ಕೈಮಿತಿಯಲ್ಲಿ ಹರಿಯುತ್ತದೆ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ದೊಡ್ಡ ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ಡಬ್ಬಿಯ ಹಳೆ ಆಯಿಲ್ ಹೀರಿ ತೆಗೆಯಿರಿ. ರ್ಯಾಕ್‌ನಿಂದ ಡಬ್ಬಿಗೆ ವಾಪಸ್ ಬರುವ ಹೋಸನ್ನು ಡಬ್ಬಿಯಿಂದ ಬಿಡಿಸಿ. ಡಬ್ಬಿಯಲ್ಲಿ ತೆರೆದುಕೊಂಡ ಮೂತಿಗೆ ರಬ್ಬರ್ ಮುಚ್ಚಳ ಹಾಕಿ ಗಟ್ಟಿಯಾಗಿ ಮುಚ್ಚಿ, ಇಲ್ಲದಿದ್ದರೆ ಹೊಸ ಆಯಿಲ್ ಅಲ್ಲಿಂದಲೇ ಸುರಿದುಹೋಗುತ್ತದೆ. ಬಿಡಿಸಿದ ಹೋಸಿಗೆ ಪಾರದರ್ಶಕ ಪೈಪ್ ಜೋಡಿಸಿ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪ್ ಸಾಕು. ಅದರ ತುದಿ 2 ಲೀಟರಿನ ನೀರಿನ ಬಾಟಲಿಯೊಳಗೆ ಹೋಗಲಿ. ಪಾರದರ್ಶಕ ಅಂದದ್ದಕ್ಕೆ ಕಾರಣ ಇದೆ: ಬರುವ ಆಯಿಲಿನ ಬಣ್ಣ, ಗುಳ್ಳೆ, ಕಸ ಎಲ್ಲ ಕಾಣಬೇಕು.

ಡಬ್ಬಿ ತುಂಬ ಹೊಸ ಆಯಿಲ್ ಹಾಕಿ. ಮೊದಲ ಸುತ್ತು ಸೆಲ್ಫ್ ಬೇಡ. ಕೀಯನ್ನು ಸ್ಟೀರಿಂಗ್ ಲಾಕ್ ಬಿಡುವಷ್ಟು ಮಾತ್ರ ತಿರುಗಿಸಿ, ಸೀಟಿನಲ್ಲಿ ಕೂತವರು ಎಡದ ಕೊನೆಯಿಂದ ಬಲದ ಕೊನೆಗೆ, ಬಲದಿಂದ ಎಡಕ್ಕೆ ನಿಧಾನವಾಗಿ ತಿರುಗಿಸಲಿ. ರ್ಯಾಕ್‌ನಲ್ಲಿ ಕೂತ ಹಳೆ ಆಯಿಲ್ ಹೀಗೆ ಹೊರಡುತ್ತದೆ. ಹತ್ತು ಸಲ ಆದಮೇಲೆ ಮೂರು ನಾಲ್ಕು ಸೆಕೆಂಡ್ ಸೆಲ್ಫ್, ನಿಲ್ಲಿಸಿ. ಡಬ್ಬಿ ನೋಡಿ. ಅರ್ಧಕ್ಕಿಂತ ಕೆಳಗಿಳಿಯಲು ಬಿಡಲೇಬೇಡಿ. ತುಂಬಿ, ಒಂದು ನಿಮಿಷ ಸೆಲ್ಫ್ ಮೋಟರಿಗೂ ಬ್ಯಾಟರಿಗೂ ಉಸಿರಾಡಲು ಬಿಡಿ, ಮತ್ತೆ ಮಾಡಿ. ಮಧ್ಯೆ ಮಧ್ಯೆ ಸ್ಟೀರಿಂಗ್ ತಿರುಗಿಸುವುದೂ ನಡೆಯಲಿ. ಪೈಪಿನಲ್ಲಿ ಬರುವ ಆಯಿಲ್ ಡಬ್ಬಿಗೆ ಹಾಕುವ ಆಯಿಲಿನ ಹಾಗೇ ಕಂಡಾಗ, ಗುಳ್ಳೆ ನಿಂತಾಗ ಸಾಕು. ಎರಡು ಲೀಟರ್ ಹೊತ್ತಿಗೆ ಆ ಹಂತ ಬರುತ್ತದೆ.

ಈಗ ಆ ಬಾಟಲಿಯನ್ನು ಎಸೆಯಬೇಡಿ. ಪಂಪಿನ ಜಾತಕ ಅದರೊಳಗಿದೆ. ಒಂದು ಗಂಟೆ ಅಲುಗಾಡಿಸದೆ ಇಡಿ, ಆಮೇಲೆ ತಳದ ಆಯಿಲನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಿನಲ್ಲೋ ಟಾರ್ಚ್ ಬೆಳಕಿನಲ್ಲೋ ನೋಡಿ. ಕಪ್ಪು, ಬೂದು ಬಣ್ಣದ ನುಣುಪು ಕೆಸರು ಮಾತ್ರ ಇದ್ದರೆ ಅದು ವಯಸ್ಸಿನ ಸವೆತ, 2008ರ ಗಾಡಿಗೆ ಸಹಜ. ಕಪ್ಪು ಚೂರುಗಳು ಬೆರಳಲ್ಲಿ ಒತ್ತಿದರೆ ಮೆತ್ತಗಿದ್ದರೆ ಯಾವುದೋ ಹೋಸಿನ ಒಳಪದರ ಉದುರುತ್ತಿದೆ ಅಂತ ಅರ್ಥ. ಮಿರಮಿರ ಮಿಂಚಿದರೆ ಲೋಹ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿ ನೋಡಿ. ಅಂಟಿಕೊಂಡರೆ ಉಕ್ಕು, ಅಂದರೆ ವೇನ್ ಅಥವಾ ಉಂಗುರ ಸವೆದಿದೆ. ಮಿಂಚುತ್ತದೆ ಆದರೆ ಅಂಟುವುದಿಲ್ಲ ಅಂದರೆ ಅದು ಪಂಪಿನ ಅಲ್ಯೂಮಿನಿಯಂ ಮೈ ಇರಬಹುದು. ಎರಡರಲ್ಲಿ ಯಾವುದೇ ಆದರೂ ಕಣ್ಣಿಗೆ ಕಾಣುವಷ್ಟು ಚೂರು ಬಂದಿದ್ದರೆ ಪಂಪಿನ ಆಸೆ ಬಿಡಿ. ಆಗ ನಿಮ್ಮ ಗ್ಯಾರೇಜಿನವರು ಪಂಪಿನ ಮಟ್ಟಿಗೆ ಸರಿ.

ಚೂರು ಬರಲಿಲ್ಲ ಅಂದುಕೊಳ್ಳೋಣ. ಮುಂದಿನದು ಗಾಳಿ ತೆಗೆಯುವುದು. ಇದಕ್ಕೆ ಬೇಕಾದ ಉಪಕರಣ ತಾಳ್ಮೆ ಒಂದೇ, ಅದು ಗ್ಯಾರೇಜಿನಲ್ಲಿ ಸಿಗುವುದು ಕಷ್ಟ, ಯಾಕೆಂದರೆ ಹಿಂದೆ ಇನ್ನೂ ನಾಲ್ಕು ಗಾಡಿ ಕಾಯುತ್ತಿರುತ್ತವೆ. ಹೋಸ್ ವಾಪಸ್ ಜೋಡಿಸಿ, ಕ್ಲಿಪ್ ಬಿಗಿದು, ಆಯಿಲ್ ತುಂಬಿ. ಚಕ್ರಗಳು ಇನ್ನೂ ಮೇಲೇ ಇರಲಿ. ಇಂಜಿನ್ ಆಫ್ ಇರುವಾಗಲೇ ಕೊನೆಯಿಂದ ಕೊನೆಗೆ ಇಪ್ಪತ್ತು ಇಪ್ಪತ್ತೈದು ಸಲ ನಿಧಾನಕ್ಕೆ ತಿರುಗಿಸಿ. ಡಬ್ಬಿಯಲ್ಲಿ ಗುಳುಗುಳು ಅಂತ ಗುಳ್ಳೆ ಏಳುವುದು ಕಾಣುತ್ತದೆ. ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಇನ್ನು ಗುಳ್ಳೆ ಬರುವುದಿಲ್ಲ ಅನ್ನಿಸಿದ ಮೇಲೆ ಹತ್ತು ನಿಮಿಷ ಕಾಫಿ ಕುಡಿದು ಬಂದು ಮತ್ತೆ ಹತ್ತು ಸಲ ತಿರುಗಿಸಿ.

ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಒಂದು ನಿಮಿಷ ಸ್ಟೀರಿಂಗ್ ಮುಟ್ಟಬೇಡಿ, ಆಕ್ಸಿಲರೇಟರ್ ಒತ್ತಬೇಡಿ. ಜೋರಾಗಿ ರೇಸ್ ಮಾಡಿದರೆ ಪಂಪ್ ಮಜ್ಜಿಗೆ ಕಡೆಯುವ ಕಡೆಗೋಲಾಗುತ್ತದೆ, ದೊಡ್ಡ ಗುಳ್ಳೆಗಳು ಒಡೆದು ನೊರೆಯಾಗುತ್ತವೆ. ದೊಡ್ಡ ಗುಳ್ಳೆ ಬೇಗ ಮೇಲೇರುತ್ತದೆ, ನೊರೆ ಗಂಟೆಗಟ್ಟಲೆ ಆಯಿಲಿನಲ್ಲೇ ತೇಲುತ್ತಿರುತ್ತದೆ. ನಿಮ್ಮ ಗಾಡಿಯಲ್ಲಿ ಈಗ ಆಗಿರುವುದು ಇದೇ. ನಿಮಿಷದ ನಂತರ ನಿಧಾನವಾಗಿ ಎರಡೂ ಕಡೆ ತಿರುಗಿಸಿ. ಕೊನೆ ಮುಟ್ಟಿದ ಕೂಡಲೇ ವಾಪಸ್ ಬನ್ನಿ. ಲಾಕ್‌ನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಒತ್ತಡ ತುದಿಗೇರಿ ಆಯಿಲ್ ಸುಡುಸುಡು ಕಾಯುತ್ತದೆ.

ಗಾಳಿ ಉಳಿದಿದೆಯಾ ಅಂತ ನೋಡಲು ಒಂದು ಒಳ್ಳೆಯ ಪರೀಕ್ಷೆ ಇದೆ. ಇಂಜಿನ್ ಓಡುತ್ತಿರುವಾಗ ಡಬ್ಬಿಯಲ್ಲಿ ಆಯಿಲ್ ಮಟ್ಟಕ್ಕೆ ಗುರುತು ಹಾಕಿ. ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿ. ಮಟ್ಟ ಮೇಲೇರಿದ್ದರೆ ಒಳಗೆ ಒತ್ತಿಕೊಂಡಿದ್ದ ಗಾಳಿ ಹಿಗ್ಗಿ ಆಯಿಲನ್ನು ಹಿಂದಕ್ಕೆ ತಳ್ಳಿದೆ ಅಂತ ಅರ್ಥ. ಟೊಯೋಟಾದವರು ಈ ಏರಿಕೆ 5 ಮಿ.ಮೀ. ದಾಟಬಾರದು ಅನ್ನುತ್ತಾರೆ. ಅದು ಅವರ ಗಾಡಿಯ ಲೆಕ್ಕ, ಆದರೂ ನಾನು ಎಲ್ಲ ಗಾಡಿಗೂ ಅದನ್ನೇ ಇಟ್ಟುಕೊಂಡಿದ್ದೇನೆ. ಜಾಸ್ತಿ ಏರಿದರೆ ಅವತ್ತಿಗೆ ಕೆಲಸ ನಿಲ್ಲಿಸಿ, ರಾತ್ರಿಯಿಡೀ ಗಾಡಿ ಹಾಗೇ ಇರಲಿ. ಬೆಳಿಗ್ಗೆ ಮತ್ತೆ ಇಂಜಿನ್ ಆಫ್ ಇಟ್ಟುಕೊಂಡೇ ತಿರುಗಿಸುವುದರಿಂದ ಶುರು ಮಾಡಿ. ಸಂಜೆ ‘ಗೂಂ’ ಅನ್ನುತ್ತಿದ್ದ ಗಾಡಿ ಬೆಳಿಗ್ಗೆ ಸುಮ್ಮನಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲವು ಗ್ಯಾರೇಜುಗಳಲ್ಲಿ ಡಬ್ಬಿಯ ಬಾಯಿಗೆ ವ್ಯಾಕ್ಯೂಮ್ ಪಂಪ್ ಕೂರಿಸಿ ಗಾಳಿ ಎಳೆಯುತ್ತಾರೆ. ಆ ಸೌಕರ್ಯ ಇದ್ದರೆ ಇನ್ನೂ ಬೇಗ.

ಎರಡು ಮೂರು ಸಲ ಹೀಗೆ ಮಾಡಿ, ಒಂದು ರಾತ್ರಿ ಬಿಟ್ಟ ಮೇಲೂ ನೊರೆಯೇ ಇಲ್ಲದೆ ಶಬ್ದ ಮಾತ್ರ ಉಳಿದರೆ ಆಗ ಪಂಪನ್ನು ಅನುಮಾನಿಸಿ. ಸವೆದ ಪಂಪಿನ ಲಕ್ಷಣ ಬೇರೆ ಇದೆ. ಪಾರ್ಕಿಂಗ್ ಮಾಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಸ್ಟೀರಿಂಗ್ ಭಾರ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಹಗುರ. ನಿಧಾನವಾಗಿ ಸುತ್ತುವಾಗ ಆಯಿಲ್ ಗೀರುಗಳ ಸಂದಿಯಲ್ಲಿ ಹಿಂದಕ್ಕೆ ಜಾರಿಹೋಗುತ್ತದೆ, ಅದಕ್ಕೇ. ತಿರುಗಿಸುವಾಗ ‘ಕೀಂಚ್’ ಅಂದರೆ ಅದು ಪಂಪಲ್ಲ, ಬೆಲ್ಟ್ ಜಾರುತ್ತಿದೆ. ಸೋರಿದ ಆಯಿಲ್ ಬೆಲ್ಟಿನ ಮೇಲೆ ಬಿದ್ದಿದ್ದರೆ ಬೆಲ್ಟನ್ನು ಬದಲಿಸುವುದೇ ಒಳ್ಳೆಯದು.

ರ್ಯಾಕ್ ಬದಲಿಸಿ ಅಂದದ್ದು ಮಾತ್ರ ನನಗೆ ಅರ್ಥವಾಗಲಿಲ್ಲ. ಏನು ನೋಡಿ ಹೇಳಿದರು ಅಂತ ಕೇಳಿ. ರ್ಯಾಕ್‌ನ ಎರಡೂ ತುದಿಯಲ್ಲಿ ಅಕಾರ್ಡಿಯನ್ ಹಾಗೆ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಇರುತ್ತದೆ. ಗಾಡಿ ಮೇಲೆತ್ತಿದಾಗ ಅದನ್ನು ಒತ್ತಿ ನೋಡಿ. ಒಳಗೆ ಒಣಗಿರಬೇಕು. ಆಯಿಲ್ ತುಳುಕಿದರೆ ರ್ಯಾಕ್‌ನ ಸೀಲ್ ಹೋಗಿದೆ. ಒಣಗಿದ್ದರೆ, ಸ್ಟೀರಿಂಗಿನಲ್ಲಿ ಸಡಿಲ ಆಟ ಇಲ್ಲದಿದ್ದರೆ, ಎರಡೂ ಕಡೆ ಒಂದೇ ಸಮ ಹಗುರವಿದ್ದರೆ ರ್ಯಾಕ್ ಮುಟ್ಟುವ ಅಗತ್ಯ ಇಲ್ಲ.

ಪಂಪ್ ಬದಲಿಸಲೇಬೇಕಾಗಿ ಬಂದರೆ ನನ್ನ ಹಳೆಯ ತಪ್ಪನ್ನು ನೀವು ಮಾಡಬೇಡಿ. ನಾನು ವಿಲ್ಸನ್ ಗಾರ್ಡನ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಪವರ್ ಸ್ಟೀರಿಂಗ್ ಗಾಡಿ ಬಂದರೆ ಒಂದೇ ಬೆರಳಲ್ಲಿ ತಿರುಗಿಸಿ ನೋಡಲು ನಾವೆಲ್ಲ ಸಾಲು ನಿಲ್ಲುತ್ತಿದ್ದೆವು. ಹೀಗೇ ಒಣಗಿದ ಗಾಡಿಯೊಂದು ಬಂತು. ಪಂಪ್ ಬಿಚ್ಚಿದರೆ ಒಳಗೆಲ್ಲ ಗೀರು. ಹೊಸದು ಹಾಕಿದೆ, ಆಯಿಲ್ ತುಂಬಿದೆ, ಓನರ್ ಖುಷಿಯಾಗಿ ಹೋದರು. ಒಂದು ತಿಂಗಳು ತುಂಬುವ ಮೊದಲೇ ಅದೇ ಶಬ್ದದ ಜೊತೆ ವಾಪಸ್ ಬಂದರು. ಹೊಸ ಪಂಪಿನ ಒಳಗೂ ಗೀರು. ಹಳೆ ಪಂಪ್ ಉದುರಿಸಿದ್ದ ಪುಡಿ ಎಲ್ಲ ಹೋಸಿನಲ್ಲಿ, ರ್ಯಾಕ್‌ನಲ್ಲಿ, ಡಬ್ಬಿಯ ಜಾಲರಿಯಲ್ಲಿ ಕೂತಿತ್ತು. ಒಂದೇ ಸುತ್ತಿನಲ್ಲಿ ಅದು ಹೊಸ ಪಂಪಿನ ಬಾಯಿಗೆ ಬಿದ್ದಿತ್ತು. ನಮ್ಮ ಮೇಸ್ತ್ರಿ ಬೈಯಲಿಲ್ಲ. ಎರಡನೇ ಪಂಪಿನ ದುಡ್ಡನ್ನು ವಾರಕ್ಕಿಷ್ಟು ಅಂತ ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಅವತ್ತಿನಿಂದ, ಪಂಪ್ ಹೊಸದಾಗಲಿ ಹಳೆಯದಾಗಲಿ, ಲೈನ್ ತೊಳೆಯದೆ ನಾನು ಗಾಡಿ ಕೊಟ್ಟಿಲ್ಲ. ಹೊಸ ಪಂಪ್ ಹಾಕುವಾಗ ಡಬ್ಬಿಯನ್ನೂ ಬದಲಿಸುತ್ತೇನೆ. ಪಂಪನ್ನು ಕೂರಿಸುವ ಮೊದಲೇ ಅದರೊಳಗೆ ಆಯಿಲ್ ಬಿಟ್ಟು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸುತ್ತೇನೆ, ಮೊದಲ ಸುತ್ತೇ ಒಣಗಿ ಆಗಬಾರದಲ್ಲ.

ಬೇಸ್‌ಮೆಂಟಿನಲ್ಲಿ ಮಾಡಬಹುದಾ ಅಂತ ಕೇಳಿದ್ದೀರಿ. ಒಳ್ಳೆಯ ಸ್ಟ್ಯಾಂಡ್ ಇದ್ದು, ನೆಲ ಸಮತಟ್ಟಾಗಿದ್ದು, ಜೊತೆಗೊಬ್ಬರಿದ್ದರೆ ಮಾಡಬಹುದು. ರ್ಯಾಂಪಿನ ಇಳಿಜಾರಿನಲ್ಲಿ ಖಂಡಿತ ಬೇಡ. ಬಿಸಿ ಸೈಲೆನ್ಸರ್ ಮೇಲೆ ಆಯಿಲ್ ಚೆಲ್ಲಿದರೆ ಬೆಂಕಿ ಹತ್ತಬಹುದು, ಇಂಜಿನ್ ತಣ್ಣಗಾದ ಮೇಲೆಯೇ ಶುರು ಮಾಡಿ. ಇಂಜಿನ್ ಓಡುವಾಗ ಸೋರಿಕೆ ಹುಡುಕಲು ಒತ್ತಡದ ಪೈಪಿನ ಮೇಲೆ ಕೈ ಸವರಬೇಡಿ. ಸೂಜಿ ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೆ ಇಳಿಯುತ್ತದೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಸ್ಟ್ಯಾಂಡ್ ಇಲ್ಲ ಅಂದರೆ, ನಿಮ್ಮ ಎದುರಿಗೇ ಈ ರೀತಿ ಮಾಡಲು ಒಪ್ಪುವ ಮೆಕ್ಯಾನಿಕ್ ಹುಡುಕಿ, ಅರ್ಧ ದಿನದ ಕೂಲಿ ಕೊಡಿ. ಅದು ಪಂಪಿನ ಬೆಲೆಗಿಂತ ಎಷ್ಟೋ ಕಡಿಮೆ.

ಹಳೆ ಆಯಿಲನ್ನು ಮೋರಿಗೆ ಸುರಿಯಬೇಡಿ. ನಮ್ಮೂರಿನ ಮೋರಿ ರಾಜಕಾಲುವೆ ಸೇರುತ್ತದೆ, ರಾಜಕಾಲುವೆ ವೃಷಭಾವತಿಗೋ ಬೆಳ್ಳಂದೂರು ಕೆರೆಗೋ ಹೋಗುತ್ತದೆ. ಅವುಗಳಿಗೆ ಈಗಿರುವುದೇ ಸಾಕು. ಹಳೆ ಇಂಜಿನ್ ಆಯಿಲ್ ಕೂಡಿಟ್ಟು ಮರುಬಳಕೆಗೆ ಕೊಡುವ ಗ್ಯಾರೇಜಿಗೆ ಕೊಟ್ಟುಬಿಡಿ.

ಇಲಿಗೂ ಒಂದು ಮಾತು. ಬಾನೆಟ್ ಒಳಗೆ ಹೊಗೆಸೊಪ್ಪಿನ ಕಟ್ಟು ನೇತುಹಾಕುವವರು ನಮ್ಮಲ್ಲಿ ಬಹಳ ಜನ. ಘಾಟು ಇರುವ ತನಕ ಕೆಲಸ ಮಾಡುತ್ತದೆ, ಒಣಗಿದ ಮೇಲೆ ಇಲಿ ಅದರ ಮೇಲೇ ಮಲಗುತ್ತದೆ. ಎರಡು ವಾರಕ್ಕೊಮ್ಮೆ ಬದಲಿಸಬೇಕು. ಅದಕ್ಕಿಂತ ಗಾಡಿಯನ್ನು ಕಸದ ಡಬ್ಬಗಳಿಂದ ದೂರ ನಿಲ್ಲಿಸಿ, ಮೂರು ದಿನಕ್ಕೊಮ್ಮೆಯಾದರೂ ಓಡಿಸಿ. ನಿಂತ ಗಾಡಿಯೇ ಇಲಿಗೆ ಬಾಡಿಗೆ ಇಲ್ಲದ ಮನೆ.

ಕೊನೆಗೆ ನಂಜನಗೂಡು. ಈಗ ಇರುವ ಸ್ಥಿತಿಯಲ್ಲಿ ಬೇಡ. ಹೋಗಿಬರಲು 300 ಕಿ.ಮೀ. ದಾಟುತ್ತದೆ. ನೊರೆ ಆಯಿಲಿನಲ್ಲಿ ಅಷ್ಟು ದೂರ ಓಡಿಸಿದರೆ ಈಗ ಬದುಕಿರುವ ಪಂಪ್ ದಾರಿಯಲ್ಲೇ ಹೋಗುತ್ತದೆ. ಬುಧವಾರದೊಳಗೆ ಫ್ಲಶ್ ಮುಗಿಸಿ, ಗುರುವಾರ ಶುಕ್ರವಾರ ಊರೊಳಗೆ ನೂರು ಕಿ.ಮೀ. ಓಡಿಸಿ. ಶನಿವಾರ ಬೆಳಿಗ್ಗೆ ಮಟ್ಟ ಇಳಿದಿಲ್ಲ, ನೊರೆ ಇಲ್ಲ, ಶಬ್ದ ಇಲ್ಲ, ಬೂಟ್ ಒಣಗಿದೆ ಅಂದರೆ ಭಾನುವಾರ ಧಾರಾಳವಾಗಿ ಹೋಗಿ. ಉಳಿದ ಅರ್ಧ ಲೀಟರ್ ಪಿ.ಎಸ್.ಎಫ್.-3 ಡಿಕ್ಕಿಯಲ್ಲಿರಲಿ, ಜೊತೆಗೆ ಎರಡು ಕ್ಲಿಪ್. ಮದ್ದೂರಿನಲ್ಲಿ ವಡೆಗೆ ನಿಲ್ಲಿಸುತ್ತೀರಲ್ಲ, ಆಗ ಒಂದು ಸಲ ಬಾನೆಟ್ ಎತ್ತಿ ನೋಡಿ. ಊರಿಗೆ ವಾಪಸ್ ಬಂದು 500 ಕಿ.ಮೀ. ಆಸುಪಾಸು ಆದಾಗ ಸಿರಿಂಜಿನಲ್ಲಿ ಡಬ್ಬಿಯ ಆಯಿಲ್ ತೆಗೆದು ಹೊಸದು ತುಂಬಿ, ತೆಗೆದದ್ದನ್ನು ಅದೇ ಬಿಳಿ ತಟ್ಟೆಗೆ ಹಾಕಿ ನೋಡಿ. ಮಿಂಚು ಕಂಡರೆ ಮತ್ತೆ ಬರೆಯಿರಿ.